ಸ್ವಿಚ್ ಬೋರ್ಡು, ಪ್ಲಗ್ ಪಾಯಿಂಟು ಎಷ್ಟು ಎತ್ತರಕ್ಕೆ ಇಡಿಸಬೇಕು?

ಪ್ರಶ್ನೆ (ದಾವಣಗೆರೆ): ವಿದ್ಯಾನಗರದ ಕಡೆ 30×40 ಸೈಟಿನಲ್ಲಿ ಮನೆ. ಗೋಡೆ ಎದ್ದಿದೆ, ಪ್ಲಾಸ್ಟರ್ ಆಗಿಲ್ಲ, ನೆಲಕ್ಕೆ ಬೆಡ್ (ಟೈಲ್ಸ್ ಕೆಳಗಿನ ಕಾಂಕ್ರೀಟ್ ಹಾಸು) ಮಾತ್ರ ಬಿದ್ದಿದೆ. ಸೋಮವಾರ ಗೋಡೆ ಕೊರೆಯೋಕೆ ಬರ್ತಾರೆ. ಯಾವ ರೂಮಿಗೆ ಯಾವ ಎತ್ತರ ಹೇಳಲಿ? ಮನೆಯಲ್ಲಿ ಅಜ್ಜಿ ಇದ್ದಾರೆ.

ಉತ್ತರ 1: ಅಳತೆ ಎಲ್ಲಿಂದ ಅನ್ನೋದು ಮೊದಲು ತೀರ್ಮಾನ ಆಗಲಿ. ಬೆಡ್ ಮೇಲೆ ಗಾರೆ 2 ಇಂಚು, ಟೈಲ್ಸ್ ಅರ್ಧ ಇಂಚು ಏರುತ್ತೆ. ಬೆಡ್‌ನಿಂದ 4 ಅಡಿ ಅಳೆದ ಬೋರ್ಡು ಕೊನೆಗೆ 3 ಅಡಿ 9.5 ಇಂಚಿಗೆ ನಿಲ್ಲುತ್ತೆ. ಬೆಡ್ ಏರುತಗ್ಗಾಗಿದ್ದರೆ ಒಂದೊಂದು ರೂಮಿಗೆ ಒಂದೊಂದು ಎತ್ತರ. ಹಾಗಾಗಿ ಲೆವೆಲ್ ಟ್ಯೂಬ್ (ಮಟ್ಟ ನೋಡೋ ನೀರು ತುಂಬಿದ ಪೈಪು) ಹಿಡಿಸಿ, ಟೈಲ್ಸ್ ಮುಗಿದ ಮೇಲೆ ನೆಲ ಎಲ್ಲಿಗೆ ಬರುತ್ತೋ ಅಲ್ಲಿಂದ 3 ಅಡಿಗೆ ಇಡೀ ಮನೆಗೆ ಒಂದೇ ಗೆರೆ ಹೊಡೆಸಿ. ಸ್ವಿಚ್ ಬೋರ್ಡಿನ ತಳ ಗೆರೆಯಿಂದ 12 ಇಂಚು ಮೇಲೆ, ಕೆಳಗಿನ ಪ್ಲಗ್ಗಿನ ತಳ 24 ಇಂಚು ಕೆಳಗೆ. "ತಳ" ಅಂತಲೇ ಒತ್ತಿ ಹೇಳಿ, ಇಲ್ಲದಿದ್ದರೆ ಒಬ್ಬ ನಡುವಿಗೆ ಅಳೀತಾನೆ, ಇನ್ನೊಬ್ಬ ತಲೆಗೆ.

ಅಜ್ಜಿ ರೂಮಿಗೆ ಸ್ವಿಚ್ಚು 3.5 ಅಡಿ, ಪ್ಲಗ್ಗು 2 ಅಡಿ ಸಾಕು, ಬಗ್ಗೋದು ತಪ್ಪುತ್ತೆ.

ಉತ್ತರ 2: ಅಡುಗೆಮನೆ ಕಟ್ಟೆ ಗ್ರಾನೈಟ್ ಸೇರಿ 34 ಇಂಚು ಅಂದರೆ ಪಾಯಿಂಟಿನ ತಳ 43 ಇಂಚಿಗೆ ಬರಲಿ. ಇನ್ನೂ ಕೆಳಗಾದರೆ ಕಟ್ಟೆ ಒರೆಸುವಾಗ ನೀರು ಸಿಡಿಯುತ್ತೆ. ಸ್ಟೌವ್, ಸಿಂಕ್ ಎರಡರಿಂದಲೂ 2 ಅಡಿ ಪಕ್ಕಕ್ಕಿರಲಿ. ಮಿಕ್ಸಿಗೆ 6 ಆಂಪ್ಸ್ ಸಾಕು. ಓವನ್, ಇಂಡಕ್ಷನ್ನಿಗೆ 16 ಆಂಪ್ಸಿನ ಎರಡು ಬೇರೆ ಪಾಯಿಂಟು, 4 ಸ್ಕ್ವೇರ್ ಎಂಎಂ ವೈರು.

ಗೀಸರ್ ಪಾಯಿಂಟು 6 ಅಡಿ ಮೇಲೆ, ಗೀಸರ್ ಪಕ್ಕಕ್ಕೆ. ನೇರ ಕೆಳಗೆ ಇಟ್ಟರೆ ವಾಲ್ವಿನಿಂದ ತೊಟ್ಟಿಕ್ಕೋ ನೀರು ಅದರ ಮೇಲೇ ಬೀಳುತ್ತೆ. ಅದರ ಸ್ವಿಚ್ಚು ಬಾತ್‌ರೂಮಿನ ಹೊರಗೆ. 30 ಮಿಲಿಆಂಪ್ಸಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಲೈನ್ ಕಡಿಯೋ ಸ್ವಿಚ್ಚು) ಹಾಕಿಸೋದು ಬಿಡಲೇಬೇಡಿ.

ಪ್ರಶ್ನೆ ಕೇಳಿದವರು: ಮಂಚದ ಪಕ್ಕ?

ಉತ್ತರ 1: ತಳ 27 ಇಂಚಿಗೆ. ಆದರೆ ಇಲ್ಲಿ ಕೆಡೋದು ಎತ್ತರದಿಂದಲ್ಲ, ಮಂಚದ ಅಗಲದಿಂದ. 6 ಅಡಿ ಮಂಚದ ತಲೆಹಲಗೆ ಬೋರ್ಡನ್ನೇ ಮುಚ್ಚಿಬಿಡುತ್ತೆ. ಎರಡು ಬೋರ್ಡುಗಳ ನಡುವೆ 7 ಅಡಿ ಬಿಡಿಸಿ. ಫ್ಯಾನು, ಲೈಟಿಗೆ ಟೂ-ವೇ ಸ್ವಿಚ್ಚು: ಒಂದು ಇಲ್ಲಿ, ಒಂದು ಬಾಗಿಲ ಚಿಲಕದ ಬದಿಗೆ ಚೌಕಟ್ಟಿನಿಂದ 6 ಇಂಚು ಬಿಟ್ಟು.

ಉತ್ತರ 3 (ಚಿತ್ರದುರ್ಗ): ಪ್ಲಾಸ್ಟರಿಗೆ ಮುಂಚೆ, ಗೋಡೆಯಲ್ಲಿ ಕೂರಿಸೋ ಸ್ವಿಚ್ ಬಾಕ್ಸಿನ ಅಂಚು ಇಟ್ಟಿಗೆಯಿಂದ ಅರ್ಧ ಇಂಚು ಹೊರಗಿರಲಿ, ಒಳಗೆ ಹೂತುಹೋದರೆ ಪ್ಲೇಟಿನ ಸ್ಕ್ರೂ ನಿಲುಕಲ್ಲ. ಬಾಕ್ಸಿಗೆ ಪೇಪರ್ ತುರುಕಿ ಮುಚ್ಚಿ. ಪೈಪು ಹೋದ ಪ್ರತಿ ಗೋಡೆಗೂ ಟೇಪು ಹಿಡಿದು ಫೋಟೋ ತೆಗೆದಿಡಿ, ಆಮೇಲೆ ಮೊಳೆ ಹೊಡೆಯುವಾಗ ಬೇಕಾಗುತ್ತೆ.