ಸ್ವಂತ ಪ್ರಕಟಣೆಯ ಕಥಾಸಂಕಲನ: ಅಚ್ಚಿಗೆ ಕೊಡುವ ಮುನ್ನ ಏನು ನೋಡಬೇಕು?

ಪ್ರಶ್ನೆ:
ಪುಸ್ತಕದ ಅಳತೆ 1/8 ಡೆಮಿ, 150 ಪುಟ. ನುಡಿ ತಂತ್ರಾಂಶದಲ್ಲಿ ಟೈಪಿಸಿದ್ದನ್ನು ಯೂನಿಕೋಡ್‌ಗೆ ಬದಲಿಸಿ ಇನ್‌ಡಿಸೈನ್ ತಂತ್ರಾಂಶದಲ್ಲಿ ಪುಟ ಕಟ್ಟಿಸಿದ್ದಾಗಿದೆ. ಪ್ರೆಸ್ಸಿಗೆ ಕಳಿಸುವ ಮುಂಚೆ ಏನೇನು ಪರೀಕ್ಷಿಸಬೇಕು?

ಉತ್ತರ 1:
ಮೊದಲು ಯೂನಿಕೋಡ್‌ಗೆ ಬದಲಿಸುವಾಗ ನುಸುಳಿದ ತಪ್ಪು ಹುಡುಕಿ ಸರ್. ಅರ್ಕಾವತ್ತು, ಎರಡೆರಡು ಒತ್ತಿನ ಅಕ್ಷರಗಳು ಕೆಡುವುದು ಅಲ್ಲೇ. 'ಸೂರ್ಯ', 'ರಾಷ್ಟ್ರ', 'ಶಾಸ್ತ್ರ' ಎಂದು ಫೈಲಿನಲ್ಲಿ ಹುಡುಕಿ; ಪುಟದಲ್ಲಿ ಕಾಣುವ ಪದ ಹುಡುಕಾಟಕ್ಕೆ ಸಿಗದಿದ್ದರೆ ಒಳಗಿನ ಅಕ್ಷರಕ್ರಮ ತಪ್ಪಿದೆ. ಅನುಸ್ವಾರದ ಜಾಗದಲ್ಲಿ ಕನ್ನಡ ಅಂಕಿ ಸೊನ್ನೆ ಕೂತಿರುತ್ತದೆ, ಕಣ್ಣಿಗೆ ಗೊತ್ತೇ ಆಗುವುದಿಲ್ಲ. ಒತ್ತು ಬಿಡಿಯಾಗಿ ಪಕ್ಕಕ್ಕೆ ಸರಿದಿದ್ದರೆ ಇನ್‌ಡಿಸೈನ್‌ನಲ್ಲಿ ಅಕ್ಷರ, ಸಾಲು ಜೋಡಿಸುವ 'ಕಂಪೋಸರ್' ಆಯ್ಕೆಯನ್ನು ವರ್ಲ್ಡ್-ರೆಡಿಗೆ ಬದಲಿಸಿ. ಆಗ ಸಾಲುಗಳು ಸರಿದಾಡುತ್ತವೆ, ಪರಿವಿಡಿಯನ್ನು ಮತ್ತೆ ತಾಳೆ ನೋಡಲೇಬೇಕು.

ಉತ್ತರ 2:
ಆಫ್‌ಸೆಟ್ ಆದರೆ 150 ಪುಟ ಬೇಡ. ಫಾರಂ (ಒಂದು ಹಾಳೆಯಲ್ಲಿ ಅಚ್ಚಾಗಿ ಮಡಚಿಕೊಳ್ಳುವ ಪುಟಗಳ ಗುಂಪು) 16 ಪುಟದ್ದು; 144 ಅಥವಾ 160 ಮಾಡಿ. ಅದೇ ಕಾಗದದಲ್ಲಿ ಡಮ್ಮಿ (ಖಾಲಿ ಮಾದರಿ ಪುಸ್ತಕ) ಕಟ್ಟಿಸಿ ಬೆನ್ನಿನ ಅಗಲ ಅಳೆದ ಮೇಲೆಯೇ ಮುಖಪುಟ ಅಂತಿಮಗೊಳಿಸಿ. ಪರ್ಫೆಕ್ಟ್ ಬೈಂಡಿಂಗ್ (ಬೆನ್ನಿಗೆ ಅಂಟು ಹಾಕಿ ಕಟ್ಟಿದ) ಪುಸ್ತಕ ಪೂರ್ತಿ ಬಿಚ್ಚಿಕೊಳ್ಳುವುದಿಲ್ಲ, ಒಳ ಅಂಚು 20 ಮಿ.ಮೀ. ಇರಲಿ.

ಪ್ರಶ್ನೆ ಕೇಳಿದವರು:
144ಕ್ಕೆ ಇಳಿಸಲು ಸಾಲಿನ ಅಂತರ ತಗ್ಗಿಸಬಹುದೇ?

ಉತ್ತರ 2:
ದಯವಿಟ್ಟು ಬೇಡ. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. 12 ಪಾಯಿಂಟ್ ಅಕ್ಷರಕ್ಕೆ ಸಾಲಿನ ಅಂತರ 17 ಪಾಯಿಂಟಿನಷ್ಟು ಬೇಕು. 160ಕ್ಕೇ ಹೋಗಿ.

ಉತ್ತರ 3:
ಪಿಡಿಎಫ್‌ನಲ್ಲಿ ಎಲ್ಲ ಫಾಂಟ್ ಎಂಬೆಡ್ ಆಗಿರಬೇಕು (ಫೈಲಿನೊಳಗೇ ಸೇರಿರಬೇಕು). ಮುಖಪುಟ 300 ಡಿಪಿಐ (ಇಂಚಿಗೆ 300 ಚುಕ್ಕಿ), ಸಿಎಂವೈಕೆ (ಅಚ್ಚಿನ ನಾಲ್ಕು ಬಣ್ಣ), ಸುತ್ತ 3 ಮಿ.ಮೀ. ಬ್ಲೀಡ್ (ಕತ್ತರಿಸಿ ಹೋಗುವ ಹೆಚ್ಚುವರಿ ಅಂಚು). ಕೊನೆಯ ಕರಡನ್ನು ಕಾಗದದ ಮೇಲೆ, ಲೇಖಕರಲ್ಲದ ಇನ್ನೊಬ್ಬರಿಂದ ತಿದ್ದಿಸಿ.