ಸಹಾಯ ಬೇಕು: ಅಪ್ಪನ ರಿಪೇರಿ ಕೋಣೆ ಒಪ್ಪ ಮಾಡೋದು ಹೇಗೆ?

ಎಲ್ಲರಿಗೂ ನಮಸ್ಕಾರ. ಅಪ್ಪ 30 ವರ್ಷ ರೇಡಿಯೋ, ಟಿವಿ ರಿಪೇರಿ ಮಾಡಿದ ಕೋಣೆ ಈಗ ನನ್ನ ಕೈಗೆ ಬಂದಿದೆ. ಕಾಲಿಡಲು ಜಾಗವಿಲ್ಲ. ರೆಸಿಸ್ಟರ್‌ಗಳನ್ನು (ಕರೆಂಟ್ ಹರಿವನ್ನು ತಡೆಯುವ ಬಿಡಿಭಾಗ) 10, 12, 15, 18 ಎಂದು ಇ12 ಅನ್ನೋ ಸ್ಟ್ಯಾಂಡರ್ಡ್ ಬೆಲೆಗಳ (ವ್ಯಾಲ್ಯೂ) ಸಾಲಿನಂತೆ ಬೆಂಕಿಪೊಟ್ಟಣಗಳಲ್ಲಿ ಹಾಕಿಟ್ಟೆ, ಅದು ಸಲೀಸು.

ತಲೆನೋವು ಹಳೇ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳದ್ದು (ಒಳಗೆ ದ್ರವ ಇರುವ, ಚಾರ್ಜ್ ಹಿಡಿದಿಡುವ ಬಿಡಿಭಾಗ). ಒಳಗಿನ ದ್ರವ ಒಣಗಿದ್ದರೆ ಕೆಲಸಕ್ಕೆ ಬರಲ್ಲ. ಒಂದೊಂದನ್ನೇ ಮೀಟರ್‌ಗೆ ಹಾಕಿ ನೋಡಲೋ, ಎಲ್ಲ ತೆಗೆದುಹಾಕಿ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆ ಎಸ್.ಪಿ. ರೋಡಿನಿಂದ ಹೊಸದು ತರಲೋ?

ಉಬ್ಬಿದ ಲಿಥಿಯಂ ಬ್ಯಾಟರಿ ಎಂಟಿವೆ. ಮರಳು ತುಂಬಿದ ತಗಡಿನ ಡಬ್ಬಿಯಲ್ಲಿ ಮನೆ ಹೊರಗೆ ನೆರಳಲ್ಲಿಟ್ಟಿದ್ದೇನೆ. ಚುಚ್ಚಿದರೆ ಹೊತ್ತಿಕೊಳ್ಳುತ್ತವೆ, ಹಾಗಾಗಿ ಗುಜರಿಗೆ ಹಾಕಲಾರೆ. ಬೆಂಗಳೂರಲ್ಲಿ ಅಧಿಕೃತವಾಗಿ ತೆಗೆದುಕೊಳ್ಳುವವರು ಗೊತ್ತಿದ್ದರೆ ದಯವಿಟ್ಟು ತಿಳಿಸಿ.

ಅಪ್ಪ ಜೋಪಾನ ಮಾಡಿದ್ದ ಎಸಿ128 ಜರ್ಮೇನಿಯಂ ಟ್ರಾನ್ಸಿಸ್ಟರ್‌ಗಳನ್ನು ಮಾತ್ರ ಎಸೆಯಲ್ಲ. ಹಳೇ ರೇಡಿಯೋ ಸರಿಮಾಡುವವರು ಯಾರಾದರೂ ಇದ್ದರೆ ಹೇಳಿ, ಹಾಗೇ ಕೊಡುತ್ತೇನೆ.