ಎಂಜಿನ್ ಓಡುತ್ತಿದ್ದರೂ ಬ್ಯಾಟರಿಗೆ 13.1 ವೋಲ್ಟ್ ಮಾತ್ರ: ದೋಷ ಸ್ಟೇಟರಿನದೋ, ರೆಗ್ಯುಲೇಟರಿನದೋ?

ಪ್ರಶ್ನೆ

ನಮಸ್ಕಾರ. ಮೂರು ತಿಂಗಳ ಹಿಂದಷ್ಟೇ ನನ್ನ ಮೋಟಾರ್‌ಸೈಕಲ್ಲಿಗೆ ಹೊಸ ಬ್ಯಾಟರಿ ಹಾಕಿಸಿದ್ದೇನೆ. ಆದರೂ ವಾರಕ್ಕೊಮ್ಮೆಯಾದರೂ ಬೆಳಿಗ್ಗೆ ಸೆಲ್ಫ್ ಒತ್ತಿದಾಗ ರಿಲೇ ಟಕಟಕ ಎನ್ನುತ್ತದೆಯೇ ಹೊರತು ಎಂಜಿನ್ ತಿರುಗುವುದಿಲ್ಲ. ಮಲ್ಟಿಮೀಟರ್ ಹಿಡಿದು ನೋಡಿದಾಗ, ಎಂಜಿನ್ ನಿಂತಿರುವಾಗ ಬ್ಯಾಟರಿಯಲ್ಲಿ 12.3, ಐಡಲ್‌ನಲ್ಲಿ 12.9, ಹೆಡ್‌ಲೈಟ್ ಉರಿಸಿಕೊಂಡು 5000 ಆರ್‌ಪಿಎಂಗೆ ಏರಿಸಿದರೆ 13.1 ವೋಲ್ಟ್ ಬರುತ್ತಿದೆ. ಸ್ಟೇಟರಿನಿಂದ (ಎಂಜಿನ್ ಒಳಗೆ ಎಸಿ ಕರೆಂಟು ಹುಟ್ಟಿಸುವ ತಂತಿ ಸುತ್ತುಗಳು) ಬರುವ ಮೂರು ಹಳದಿ ತಂತಿಗಳಲ್ಲಿ ಯಾವ ಎರಡರ ನಡುವೆ ಅಳೆದರೂ 0.6 ಓಮ್ ಇದೆ. ಆ ಕರೆಂಟನ್ನು ಡಿಸಿಯಾಗಿಸಿ ವೋಲ್ಟೇಜನ್ನು ಹತೋಟಿಯಲ್ಲಿಡುವ ರೆಗ್ಯುಲೇಟರಿನಿಂದ ಬ್ಯಾಟರಿಗೆ ಹೋಗುವ ಕೆಂಪು ತಂತಿಯನ್ನು ಬೀಪ್ ಮೋಡ್‌ನಲ್ಲಿ ಪರೀಕ್ಷಿಸಿದೆ, ತಂತಿ ತುಂಡಾಗಿಲ್ಲ ಎಂಬಂತೆ ಬೀಪ್ ಸರಿಯಾಗಿಯೇ ಬಂತು. ಸ್ಟೇಟರ್ ಮತ್ತು ರೆಗ್ಯುಲೇಟರ್ ಎರಡನ್ನೂ ಬದಲಿಸಬೇಕೆಂದು ಮೆಕ್ಯಾನಿಕ್ ಹೇಳುತ್ತಿದ್ದಾರೆ. ಬದಲಿಸುವ ಮೊದಲು ಯಾವುದು ಕೆಟ್ಟಿದೆ ಎಂದು ಖಚಿತವಾಗಿ ತಿಳಿಯುವ ದಾರಿ ಇದೆಯೇ?

ಉತ್ತರ 1

ದಯವಿಟ್ಟು ಈಗಲೇ ಏನನ್ನೂ ಬದಲಿಸಬೇಡಿ. ಮೊದಲು ಬ್ಯಾಟರಿಯನ್ನು ಹೊರಗಿನ ಚಾರ್ಜರಿನಿಂದ ಪೂರ್ತಿ ಚಾರ್ಜ್ ಮಾಡಿ, ಕೆಲವು ಗಂಟೆ ಹಾಗೆಯೇ ಬಿಟ್ಟು ಅಳೆಯಿರಿ, 12.6ರಿಂದ 12.8 ಇರಬೇಕು. ಅರ್ಧ ಖಾಲಿಯಾದ ಬ್ಯಾಟರಿಯು ಬಂದ ಕರೆಂಟನ್ನೆಲ್ಲ ಹೀರಿಕೊಳ್ಳುವುದರಿಂದ ವೋಲ್ಟೇಜ್ ಮೇಲೇರುವುದಕ್ಕೆ ಹೊತ್ತು ಹಿಡಿಯುತ್ತದೆ, ನಾವು ಸುಮ್ಮನೆ ರೆಗ್ಯುಲೇಟರನ್ನು ಅನುಮಾನಿಸುತ್ತೇವೆ. ಅದಾದ ಮೇಲೂ 5000 ಆರ್‌ಪಿಎಂನಲ್ಲಿ ಸುಮಾರು 13.8ರಿಂದ 14.5 ಬರದಿದ್ದರೆ ಮುಂದಿನ ಹೆಜ್ಜೆ ಇಡಬಹುದು. 15 ದಾಟಿದರೆ ಮಾತ್ರ ರೆಗ್ಯುಲೇಟರಿನ ಮೇಲೆ ನೇರವಾಗಿಯೇ ಸಂಶಯ ಪಡಬಹುದು.

ಓಮ್ ಲೆಕ್ಕವನ್ನು ಹೆಚ್ಚು ನಂಬಬೇಡಿ. ಮೀಟರಿನ ಎರಡು ಪ್ರೋಬ್‌ಗಳನ್ನು ಒಂದಕ್ಕೊಂದು ತಾಗಿಸಿದರೇ 0.2 ಅಥವಾ 0.3 ತೋರಿಸುವುದುಂಟು, ಅದನ್ನು ಕಳೆಯಬೇಕು. ಸುತ್ತಿನಲ್ಲಿ ಒಂದೆರಡು ತಂತಿ ಒಳಗೊಳಗೇ ತಾಗಿಕೊಂಡಿದ್ದರೆ ಉಳಿಯುವ ವ್ಯತ್ಯಾಸ ಸಾಧಾರಣ ಮೀಟರಿನ ಕಣ್ಣಿಗೆ ಬೀಳುವುದೇ ಇಲ್ಲ. ಪ್ರತಿ ಹಳದಿ ತಂತಿಗೂ ಎಂಜಿನ್ ಬಾಡಿಗೂ ನಡುವೆ ಸಂಪರ್ಕವೇ ಇರಬಾರದು ಎಂಬುದು ಇದಕ್ಕಿಂತ ಮುಖ್ಯ. ಇದನ್ನು ಎಂಜಿನ್ ಚೆನ್ನಾಗಿ ಕಾದಿರುವಾಗ ನೋಡಿ, ಏಕೆಂದರೆ ಸುತ್ತಿನ ತಂತಿಯ ಮೇಲಿನ ವಾರ್ನಿಷ್ ಹೊದಿಕೆ ಸುಟ್ಟಿದ್ದರೂ ತಣ್ಣಗಿರುವಾಗ ಗುಟ್ಟು ಬಿಡುವುದಿಲ್ಲ.

ಸ್ಟೇಟರಿನ ಬಗ್ಗೆ ತೀರ್ಪು ಕೊಡುವ ಪರೀಕ್ಷೆ ಬೇರೆ ಇದೆ. ಸ್ಟೇಟರಿನ ಕಪ್ಲರ್ (ತಂತಿಗಳನ್ನು ಜೋಡಿಸುವ ಪ್ಲಗ್) ಬಿಚ್ಚಿ, ಮೀಟರನ್ನು ಎಸಿ ವೋಲ್ಟ್‌ಗೆ ಹಾಕಿ, ಎಂಜಿನ್ ಓಡುತ್ತಿರುವಾಗ ಹಳದಿ ತಂತಿಗಳನ್ನು ಎರಡೆರಡಾಗಿ ಅಳೆಯಿರಿ. ವೇಗ ಏರಿದಂತೆ ವೋಲ್ಟೇಜೂ ಏರಬೇಕು. 5000ದಲ್ಲಿ ಐವತ್ತು ದಾಟುವುದು ಸಾಮಾನ್ಯ, ನಿಖರ ಅಂಕಿ ನಿಮ್ಮ ಗಾಡಿಯ ಸರ್ವಿಸ್ ಮ್ಯಾನುಯಲ್‌ನಲ್ಲಿ ಇರುತ್ತದೆ. ಎಷ್ಟು ಬಂತು ಎಂಬುದಕ್ಕಿಂತ ಮೂರೂ ಜೋಡಿ ಸಮವಾಗಿವೆಯೇ ಎಂಬುದನ್ನು ನೋಡಿ. ಆ ಹೊತ್ತಿನಲ್ಲಿ ತಂತಿಯ ತುದಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ, ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ಟರ್ಮಿನಲ್ಲನ್ನಂತೂ ಬಿಚ್ಚಲೇಬೇಡಿ.

ಉತ್ತರ 2

ಬೀಪ್ ಬಂತು ಎಂದು ನೀವು ಬರೆದ ಸಾಲು ನನ್ನನ್ನು ತಡೆದು ನಿಲ್ಲಿಸಿತು. ಇಪ್ಪತ್ತು ಎಳೆಗಳಲ್ಲಿ ಒಂದೇ ಎಳೆ ಉಳಿದಿದ್ದರೂ ಮೀಟರ್ ಬೀಪ್ ಎನ್ನುತ್ತದೆ, ಏಕೆಂದರೆ ಅದು ಹರಿಸುವ ಕರೆಂಟು ಅತ್ಯಲ್ಪ. ಹತ್ತಾರು ಆಂಪಿಯರ್ ಹರಿಯುವಾಗ ಅದೇ ತಂತಿ ಏನು ಮಾಡುತ್ತದೆ ಎಂಬುದನ್ನು ಅಳೆಯಬೇಕು. ಎಲ್ಲ ಕಪ್ಲರ್‌ಗಳನ್ನೂ ಮೊದಲಿನಂತೆ ಸಿಕ್ಕಿಸಿ, ಹೆಡ್‌ಲೈಟ್ ಉರಿಸಿ, 4000 ಆರ್‌ಪಿಎಂ ಆಸುಪಾಸಿನಲ್ಲಿ ಹಿಡಿದುಕೊಂಡು, ಡಿಸಿ ವೋಲ್ಟ್‌ನಲ್ಲಿ ಒಂದು ಪ್ರೋಬನ್ನು ರೆಗ್ಯುಲೇಟರಿನ ಕೆಂಪು ತಂತಿಗೂ ಇನ್ನೊಂದನ್ನು ಬ್ಯಾಟರಿಯ ಪ್ಲಸ್‌ಗೂ ಹಿಡಿಯಿರಿ. 0.2 ಅಥವಾ 0.3 ವೋಲ್ಟ್‌ಗಿಂತ ಹೆಚ್ಚು ಕಂಡರೆ, ಅಷ್ಟು ವೋಲ್ಟೇಜ್ ದಾರಿಯಲ್ಲೇ ಸೋರಿಹೋಗುತ್ತಿದೆ ಎಂದರ್ಥ. ಮೈನಸ್ ಬದಿಯಲ್ಲೂ ಹೀಗೆಯೇ ನೋಡಿ.

ನನ್ನ ಗಾಡಿಯಲ್ಲಿ ಇದೇ ತೊಂದರೆಗೆ ಎರಡು ರೆಗ್ಯುಲೇಟರ್ ಬದಲಿಸಿದ ಮೇಲೆ, ಸೀಟಿನ ಕೆಳಗೆ ಬಿಳಿಯ ಕಪ್ಲರೊಂದು ಒಂದು ಪಿನ್ನಿನ ಸುತ್ತ ಮಾತ್ರ ಕಂದುಬಣ್ಣಕ್ಕೆ ತಿರುಗಿ ಸೊಟ್ಟಗಾಗಿರುವುದು ಕಣ್ಣಿಗೆ ಬಿತ್ತು. ಆ ಖರ್ಚು ನಿಮಗೆ ಬಾರದಿರಲಿ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಮನಃಪೂರ್ವಕ ಧನ್ಯವಾದಗಳು. ಬ್ಯಾಟರಿ ಪೂರ್ತಿ ಚಾರ್ಜ್ ಆದ ಮೇಲೂ 13.1 ದಾಟಲಿಲ್ಲ. ಎಸಿ ಪರೀಕ್ಷೆಯಲ್ಲಿ 58, 59, 58 ಬಂತು, ಎಂಜಿನ್ ಬಾಡಿಯೊಂದಿಗೆ ಎಲ್ಲಿಯೂ ಸಂಪರ್ಕವಿಲ್ಲ. ಹಾಗಾಗಿ ಸ್ಟೇಟರ್ ಚೆನ್ನಾಗಿದೆ. ಆದರೆ ಕೆಂಪು ತಂತಿಯ ಎರಡು ತುದಿಗಳ ನಡುವೆ 0.9 ವೋಲ್ಟ್ ಇತ್ತು! ಅಂದರೆ ರೆಗ್ಯುಲೇಟರ್ 14.0 ಕೊಡುತ್ತಲೇ ಇತ್ತು, ಬ್ಯಾಟರಿಗೆ ತಲುಪುತ್ತಿರಲಿಲ್ಲ. ಮುಖ್ಯ ಫ್ಯೂಸ್ ಪೆಟ್ಟಿಗೆಗೆ ಹೋಗುವ ಕಪ್ಲರ್ ಎಳೆದು ನೋಡಿದಾಗ ಒಂದು ಪಿನ್ನಿನ ಮೇಲೆ ಹಸಿರು ಪುಡಿ ಕಟ್ಟಿತ್ತು, ತಂತಿಯ ಹೊದಿಕೆ ಒಂದು ಬೆರಳಿನಷ್ಟು ಉದ್ದಕ್ಕೆ ಗಟ್ಟಿಯಾಗಿತ್ತು. ಅಷ್ಟನ್ನು ಕತ್ತರಿಸಿ ಹೊಸ ಟರ್ಮಿನಲ್ ಹಾಕಿಸಿದೆ. ಈಗ 5000ದಲ್ಲಿ ಬ್ಯಾಟರಿಯಲ್ಲಿ 13.9 ಇದೆ.

ಉತ್ತರ 3

ಸಂತೋಷದ ಸುದ್ದಿ. ಗಾಡಿ ನಿಂತಾಗ ಬ್ಯಾಟರಿ ಇಳಿಯುತ್ತಿದೆಯೇ ಎಂಬುದನ್ನೂ ಒಮ್ಮೆ ನೋಡಿಬಿಡಿ. ಕೀ ತೆಗೆದು, ಮೈನಸ್ ಕೇಬಲ್ ಬಿಚ್ಚಿ, ಮೀಟರಿನ ಕೆಂಪು ಪ್ರೋಬನ್ನು 10 ಆಂಪಿಯರ್ ತೂತಿಗೆ ಹಾಕಿ, ಕೇಬಲ್ಲಿಗೂ ಟರ್ಮಿನಲ್ಲಿಗೂ ನಡುವೆ ಹಿಡಿಯಿರಿ. ಗಡಿಯಾರಕ್ಕೆಂದು ಕೆಲವು ಮಿಲಿಆಂಪಿಯರ್ ಹರಿಯುವುದು ಸಹಜ. 50 ಮಿಲಿಆಂಪಿಯರ್ ಸೋರಿದರೆ ದಿನಕ್ಕೆ 1.2 ಆಂಪಿಯರ್ ಅವರ್ (ಬ್ಯಾಟರಿಯಲ್ಲಿ ತುಂಬಿರುವ ಚಾರ್ಜಿನ ಅಳತೆ) ಹೋಗುತ್ತದೆ, 8 ಆಂಪಿಯರ್ ಅವರ್ ಬ್ಯಾಟರಿ ಒಂದು ವಾರದಲ್ಲಿ ಬರಿದಾಗುತ್ತದೆ. ಮೀಟರ್ ಹೀಗಿರುವಾಗ ಸೆಲ್ಫ್ ಒತ್ತಬೇಡಿ. ಅಳೆದಾದ ಕೂಡಲೇ ಪ್ರೋಬನ್ನು ವೋಲ್ಟ್ ತೂತಿಗೆ ಮರಳಿಸಿ. ಮರೆತು ಹಾಗೆಯೇ ಬ್ಯಾಟರಿಯ ಎರಡು ಕೊನೆಗೆ ಹಿಡಿದರೆ ನೇರ ಶಾರ್ಟ್ ಆಗುತ್ತದೆ.